ಓಡುತ್ತಿರುವ ಸರ್ವರಿನ ಕಾನ್ಫಿಗ್ ಬದಲಿಸುವ ಬಗೆ

ಎಲ್ಲರಿಗೂ ನಮಸ್ಕಾರ. ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸುವ ನೋಡ್‌ಜೆಎಸ್‌ನಲ್ಲಿ ಬರೆದ ಸರ್ವರ್ ತನ್ನ ಕಾನ್ಫಿಗ್ ಕಡತವನ್ನು, ಅಂದರೆ ತಾನು ಹೇಗೆ ನಡೆಯಬೇಕೆಂಬ ಆಯ್ಕೆಗಳಿರುವ ಕಡತವನ್ನು, ಹೇಗೆ ಓದಬೇಕು, ಓದಿದ್ದನ್ನು ಹೇಗೆ ಪರೀಕ್ಷಿಸಬೇಕು, ಕಡತ ಬದಲಾದಾಗ ಸರ್ವರನ್ನು ನಿಲ್ಲಿಸದೆ ಹೊಸದನ್ನು ಹೇಗೆ ಜಾರಿಗೆ ತರಬೇಕು ಎಂಬುದು ಇಂದಿನ ವಿಷಯ. ಜಾವಾಸ್ಕ್ರಿಪ್ಟಿಗೆ ಬರುವ ಮೊದಲು ಬೇರೆ ಭಾಷೆಯಲ್ಲಿ ಬರೆದ ಒಂದು ವ್ಯವಸ್ಥೆಯಲ್ಲಿ ನಡೆದ ಘಟನೆಯನ್ನು ನೆನಪಿಸುತ್ತೇನೆ, ಏಕೆಂದರೆ ನಮ್ಮ ವಿಷಯದ ತಿರುಳು ಅದರಲ್ಲಿದೆ.

2025ರ ನವೆಂಬರ್ 18ರಂದು ಅನೇಕ ಜಾಲತಾಣಗಳ ಮುಂದೆ ನಿಂತು ಅವುಗಳ ಸಂಚಾರವನ್ನು ಸಾಗಿಸುವ ಕ್ಲೌಡ್‌ಫ್ಲೇರ್ ಕಂಪನಿಯ ಜಾಲದಲ್ಲಿ ದೋಷ ಕಾಣಿಸಿಕೊಂಡು, ಜಗತ್ತಿನಾದ್ಯಂತ ಅಸಂಖ್ಯ ಜಾಲತಾಣಗಳು ಹಲವು ಗಂಟೆ ತೊಂದರೆಗೆ ಸಿಕ್ಕವು. ಬಾಟ್‌ಗಳನ್ನು, ಅಂದರೆ ತಾಣಗಳಿಗೆ ಬರುವ ಸ್ವಯಂಚಾಲಿತ ಪ್ರೋಗ್ರಾಮ್‌ಗಳನ್ನು, ಗುರುತಿಸುವ ಅದರ ವ್ಯವಸ್ಥೆಗೆ ಬೇಕಾದ ಒಂದು ಕಡತ ಐದು ನಿಮಿಷಕ್ಕೊಮ್ಮೆ ತಾನಾಗಿಯೇ ತಯಾರಾಗಿ ಜಾಲದ ಎಲ್ಲ ಯಂತ್ರಗಳಿಗೂ ಹೋಗುತ್ತಿತ್ತು. ಡೇಟಾಬೇಸಿನ ಅನುಮತಿಗಳಲ್ಲಿ ಮಾಡಿದ ಒಂದು ಬದಲಾವಣೆಯಿಂದ ಅದೇ ಸಾಲುಗಳು ಮತ್ತೆ ಮತ್ತೆ ಬಂದು ಕಡತ ದುಪ್ಪಟ್ಟಾಯಿತು. ಅದನ್ನು ಓದುವ ರಸ್ಟ್ ಭಾಷೆಯ ಪ್ರೋಗ್ರಾಮಿನಲ್ಲಿ 200 ಅಂಶಗಳ ಮಿತಿಯಿತ್ತು. ಮಿತಿ ಮೀರಿದಾಗ ಆ ಪ್ರೋಗ್ರಾಮ್ ಹಳೆಯ ಕಡತವನ್ನೇ ಇಟ್ಟುಕೊಂಡು ಮುಂದುವರಿಯಲಿಲ್ಲ, ಕುಸಿದುಬಿತ್ತು. ಹೊರಗಿನವರು ಕಳಿಸಿದ ಮಾಹಿತಿಯಾಗಿದ್ದರೆ ಅದನ್ನು ಅನುಮಾನದಿಂದಲೇ ಓದುತ್ತಿದ್ದರು. ತಮ್ಮದೇ ಮನೆಯ ಕಡತವಾದ್ದರಿಂದ ನಂಬಿದರು.

ನಾನು ಹೇಳಬೇಕೆಂದಿರುವುದು ಇಷ್ಟೇ: ಕಾನ್ಫಿಗ್ ಕಡತವೂ ಹೊರಗಿನಿಂದ ಬರುವ ಮಾಹಿತಿಯೇ, ಮತ್ತು ಸರಿಯಾಗಿ ಓಡುತ್ತಿರುವ ಸರ್ವರನ್ನು ಕೆಡಿಸುವ ಅಧಿಕಾರ ಹೊಸ ಕಡತಕ್ಕೆ ಇರಬಾರದು. ಸರ್ವರ್ ಮೊದಲ ಬಾರಿ ಏಳುವಾಗ ಕಾನ್ಫಿಗ್ ತಪ್ಪಾಗಿದ್ದರೆ ತಪ್ಪೇನೆಂದು ಹೇಳಿ ತಕ್ಷಣ ನಿಂತುಬಿಡುವುದು ಸರಿ, ಏಕೆಂದರೆ ಹಿಂದೆ ಸರಿಯಲು ಅದಕ್ಕೆ ಬೇರೆ ಜಾಗವಿಲ್ಲ. ಓಡುತ್ತಿರುವಾಗ ತಪ್ಪು ಕಡತ ಬಂದರೆ ಹಳೆಯದನ್ನೇ ಹಿಡಿದುಕೊಂಡು, ಹೊಸದನ್ನು ಏಕೆ ತಿರಸ್ಕರಿಸಿದೆ ಎಂಬುದನ್ನು ಲಾಗ್‌ನಲ್ಲಿ (ಸರ್ವರಿನ ದಾಖಲೆಯಲ್ಲಿ) ಎದ್ದು ಕಾಣುವಂತೆ ಬರೆದು, ಕೆಲಸ ಮುಂದುವರಿಸಬೇಕು. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಬಹುಕಾಲದಿಂದ ಹೀಗೆಯೇ ನಡೆದುಕೊಂಡಿದೆ: ಆಪರೇಟಿಂಗ್ ಸಿಸ್ಟಂ ಮೂಲಕ ಕಳಿಸುವ ಹಪ್ ಎಂಬ ಸಂಕೇತ ಬಂದಾಗ ಅದು ಹೊಸ ಕಾನ್ಫಿಗ್‌ನ ವ್ಯಾಕರಣವನ್ನು ನೋಡಿ ಅನ್ವಯಿಸಲು ಯತ್ನಿಸುತ್ತದೆ, ಆಗದಿದ್ದರೆ ಹಳೆಯದರೊಂದಿಗೇ ಉಳಿಯುತ್ತದೆ. ನೋಡ್‌ನಲ್ಲಿಯೂ ಇದೇ ಸಂಕೇತವನ್ನು ಬಳಸಬಹುದು, ಆದರೆ ನಾವೇ ಅದಕ್ಕೊಂದು ಹ್ಯಾಂಡ್ಲರ್, ಅಂದರೆ ಸಂಕೇತ ಬಂದಾಗ ಓಡುವ ಫಂಕ್ಷನ್, ಕೊಡಬೇಕು. ಕೊಡದಿದ್ದರೆ ಸಂಕೇತ ಬಂದ ಕೂಡಲೇ ಪ್ರಾಸೆಸ್ ಕೊನೆಗೊಳ್ಳುತ್ತದೆ.

ಈಗ ಓದುವ ಹಂತ. ಅನೇಕರು ಜೆಸನ್ ಕಡತವನ್ನು (ಕೀಲಿ ಮತ್ತು ಅದರ ಬೆಲೆಯ ಜೋಡಿಗಳಾಗಿ ಬರೆದ ಪಠ್ಯವನ್ನು) ನೋಡ್‌ನ ರಿಕ್ವೈರ್ ಫಂಕ್ಷನ್ ಮೂಲಕ ತರುತ್ತಾರೆ. ರಿಕ್ವೈರ್ ತಾನು ತಂದದ್ದನ್ನು ಕ್ಯಾಶ್ ಎಂಬ ನೆನಪಿನ ಸಂಗ್ರಹದಲ್ಲಿ ಇಟ್ಟುಕೊಳ್ಳುವುದರಿಂದ ಎರಡನೆಯ ಸಲ ಕೇಳಿದಾಗಲೂ ಹಳೆಯದೇ ಸಿಗುತ್ತದೆ. ಇಂಪೋರ್ಟ್ ಮಾಡಿದ ಮಾಡ್ಯೂಲನ್ನಂತೂ ಕ್ಯಾಶ್‌ನಿಂದ ತೆಗೆಯುವ ದಾರಿಯನ್ನೇ ನೋಡ್ ಕೊಟ್ಟಿಲ್ಲ. ಆದ್ದರಿಂದ ಕಡತವನ್ನು ಸಾಮಾನ್ಯ ಪಠ್ಯವಾಗಿ ಓದಿ ಪಠ್ಯವನ್ನು ಆಬ್ಜೆಕ್ಟಾಗಿ ಬದಲಿಸುವ ಜೆಸನ್.ಪಾರ್ಸ್‌ಗೆ ಕೊಡುವುದೇ ಸರಿಯಾದ ದಾರಿ. ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು, ಅಂದರೆ ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಬೆಲೆಗಳನ್ನು, ಬಳಸುವವರು ಒಂದನ್ನು ಮರೆಯಬಾರದು: ಅಲ್ಲಿ ಸಿಗುವುದೆಲ್ಲ ಅಕ್ಷರಮಾಲೆಯೇ. ‘ಫಾಲ್ಸ್’ ಎಂಬ ಐದಕ್ಷರದ ಇಂಗ್ಲಿಷ್ ಪದವನ್ನು ಜಾವಾಸ್ಕ್ರಿಪ್ಟಿನ ಇಫ್ ನಿಜವೆಂದೇ ಭಾವಿಸುತ್ತದೆ, ಹಾಗಾಗಿ ಮುಚ್ಚಿದೆವೆಂದುಕೊಂಡ ಸೌಲಭ್ಯ ತೆರೆದೇ ಇರುತ್ತದೆ.

ಪರೀಕ್ಷೆಗೆ ಏಜೇವಿ, ಜಾಡ್ ಮುಂತಾದ ಲೈಬ್ರರಿಗಳಿವೆ. ಪ್ರತಿ ಕೀಲಿಯ ಬೆಲೆ ಸಂಖ್ಯೆಯೇ, ಅಕ್ಷರಮಾಲೆಯೇ ಎಂದು ಸ್ಕೀಮಾ (ನಿಯಮಗಳ ಪಟ್ಟಿ) ಬರೆದರೆ ಕೆಲಸ ಮುಗಿಯಿತೆಂದು ನಾನೂ ಒಂದು ಕಾಲಕ್ಕೆ ನಂಬಿದ್ದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ, ಹಣ ಪಾವತಿಯ ಕರೆಗೆ ಎಷ್ಟು ಹೊತ್ತು ಕಾಯಬೇಕೆಂಬ ಜಾಗದಲ್ಲಿ ಸಹೋದ್ಯೋಗಿಯೊಬ್ಬರು 30 ಎಂದು ಬರೆದರು. ಅವರ ಮನಸ್ಸಿನಲ್ಲಿದ್ದುದು ಸೆಕೆಂಡು, ಪ್ರೋಗ್ರಾಮ್ ಓದಿಕೊಂಡದ್ದು ಮಿಲಿಸೆಕೆಂಡು. 30 ಎಂಬುದು ಸಂಖ್ಯೆಯೇ ಆದ್ದರಿಂದ ಸ್ಕೀಮಾ ಒಪ್ಪಿತು, ಹೊಸ ಕಾನ್ಫಿಗ್ ಕ್ಷಣಮಾತ್ರದಲ್ಲಿ ಜಾರಿಗೆ ಬಂತು, ಪಾವತಿಗಳು ಒಂದಾದ ಮೇಲೊಂದು ಸೋಲತೊಡಗಿದವು. ಆಮೇಲೆ ನಾವು ಮಾಡಿದ ತಿದ್ದುಪಡಿ ಎರಡು: ಕೀಲಿಯ ಹೆಸರಿನಲ್ಲೇ ಅಳತೆಯ ಮಾನವನ್ನು ಸೇರಿಸಿದೆವು, ಮತ್ತು ಸ್ಕೀಮಾದಲ್ಲಿ ಕನಿಷ್ಠ 1000, ಗರಿಷ್ಠ 60000 ಎಂದು ಗಡಿ ಹಾಕಿದೆವು.

ಇದರಷ್ಟೇ ಅಪಾಯಕಾರಿಯಾದದ್ದು ಕೀಲಿಯ ಹೆಸರಿನ ಕಾಗುಣಿತ ತಪ್ಪು. ಟೈಮ್‌ಔಟ್ ಎಂಬ ಕೀಲಿಯಲ್ಲಿ ಒಂದು ಅಕ್ಷರ ತಪ್ಪಿದರೆ, ಏಜೇವಿ ಅದನ್ನು ಅಪರಿಚಿತ ಕೀಲಿಯೆಂದು ಸುಮ್ಮನೆ ಬಿಡುತ್ತದೆ, ಜಾಡ್ ಸದ್ದಿಲ್ಲದೆ ಅಳಿಸಿಹಾಕುತ್ತದೆ. ಎರಡೂ ಕಡೆ ಡಿಫಾಲ್ಟ್ ಬೆಲೆ ಬಂದು ಕೂರುತ್ತದೆ, ತಿದ್ದಿದವರು ಮಾತ್ರ ತಮ್ಮ ತಿದ್ದುಪಡಿ ಜಾರಿಯಾಯಿತೆಂದೇ ತಿಳಿದಿರುತ್ತಾರೆ. ಆದಕಾರಣ ಏಜೇವಿಯಲ್ಲಿ ಹೆಚ್ಚುವರಿ ಕೀಲಿಗಳನ್ನು ನಿಷೇಧಿಸುವ ನಿಯಮವನ್ನೂ, ಜಾಡ್‌ನಲ್ಲಿ ಸ್ಟ್ರಿಕ್ಟ್ ವಿಧಾನವನ್ನೂ ಬಳಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಡತ ಬದಲಾಯಿತೆಂದು ತಿಳಿಯುವುದು ಕೇಳಿದಷ್ಟು ಸುಲಭವಲ್ಲ. ಕಡತದ ಬದಲಾವಣೆಯನ್ನು ತಿಳಿಸುವ ನೋಡ್‌ನ ಎಫ್‌ಎಸ್.ವಾಚ್ ಲಿನಕ್ಸ್‌ನಲ್ಲಿ ಕಾವಲು ಕಾಯುವುದು ಕಡತದ ಹೆಸರನ್ನಲ್ಲ, ಡಿಸ್ಕಿನಲ್ಲಿ ಅದನ್ನು ಗುರುತಿಸುವ ಐನೋಡನ್ನು. ವಿಮ್‌ನಂಥ ಎಡಿಟರ್‌ಗಳು ಎಷ್ಟೋ ಸಲ ಹೊಸದೊಂದು ಕಡತವನ್ನು ಬರೆದು ಹಳೆಯ ಹೆಸರನ್ನು ಅದಕ್ಕೆ ಕೊಡುತ್ತವೆ. ಆಗ ಹೆಸರು ಅದೇ, ಐನೋಡ್ ಬೇರೆ. ಮೊದಲ ಬದಲಾವಣೆಯ ಸುದ್ದಿ ಬರುತ್ತದೆ, ಅನಂತರ ನಮ್ಮ ಕಾವಲುಗಾರ ಖಾಲಿ ಮನೆಯ ಮುಂದೆ ನಿಂತಿರುತ್ತಾನೆ. ‘ಮೊದಲ ಸಲ ಬದಲಾಯಿತು, ಎರಡನೆಯ ಸಲ ಆಗಲಿಲ್ಲ’ ಎಂದು ಯಾರಾದರೂ ದೂರಿದರೆ ನಾನು ಮೊದಲು ನೋಡುವುದು ಇದನ್ನೇ. ಕಡತದ ಬದಲು ಅದಿರುವ ಫೋಲ್ಡರನ್ನು ಕಾಯುವುದು ಇದಕ್ಕೆ ಪರಿಹಾರ. ಚೋಕಿಡಾರ್ ಲೈಬ್ರರಿ ಇಂಥ ಹಲವು ತೊಡಕುಗಳನ್ನು ತಾನೇ ನಿಭಾಯಿಸುತ್ತದೆ. ಕಂಟೈನರ್‌ಗಳನ್ನು (ಪ್ರೋಗ್ರಾಮ್‌ಗಳು ಪ್ರತ್ಯೇಕವಾಗಿ ಓಡುವ ಪೊಟ್ಟಣಗಳನ್ನು) ನಡೆಸುವ ಕುಬರ್ನೆಟಿಸ್‌ನಲ್ಲಿ, ಕಾನ್ಫಿಗ್ ಇಡುವ ಕಾನ್ಫಿಗ್‌ಮ್ಯಾಪ್ ಬದಲಾದಾಗ ಒಳಗಿರುವ ಒಂದು ಸಾಂಕೇತಿಕ ಕೊಂಡಿಯನ್ನಷ್ಟೇ (ಸಿಂಬಾಲಿಕ್ ಲಿಂಕ್) ಹೊಸ ಫೋಲ್ಡರಿನತ್ತ ತಿರುಗಿಸಲಾಗುತ್ತದೆ. ಸಬ್‌ಪಾತ್ ಎಂಬ ಆಯ್ಕೆ ಬಳಸಿ ಕಡತವನ್ನು ಜೋಡಿಸಿದ್ದರೆ ಕಂಟೈನರಿಗೆ ಬದಲಾವಣೆ ತಲುಪುವುದೇ ಇಲ್ಲ.

ಸುದ್ದಿ ಬಂದೊಡನೆ ಓದುವುದೂ ತಪ್ಪೇ. ಕಡತವನ್ನು ಒಮ್ಮೆ ಉಳಿಸಿದ್ದಕ್ಕೆ (ಸೇವ್ ಮಾಡಿದ್ದಕ್ಕೆ) ಎರಡು ಮೂರು ಸುದ್ದಿಗಳು ಬರಬಹುದು; ಕಡತ ಅರ್ಧ ಬರೆದಿರುವಾಗಲೇ ನಾವು ಓದಿದರೆ ಜೆಸನ್.ಪಾರ್ಸ್ ದೋಷವನ್ನು ಎಸೆಯುತ್ತದೆ. ಜೆಸನ್ ಬದಲು ಯಾಮಲ್ ಎಂಬ ಬರವಣಿಗೆಯ ಬಗೆಯನ್ನು ಬಳಸುವವರಿಗೆ ಇಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅರ್ಧದಲ್ಲಿ ಕತ್ತರಿಸಿದ ಯಾಮಲ್ ಎಷ್ಟೋ ಸಲ ಸರಿಯಾದ ಯಾಮಲ್ಲೇ ಆಗಿರುತ್ತದೆ. ಕಡ್ಡಾಯ ಕೀಲಿಗಳ ಪರೀಕ್ಷೆಯೊಂದೇ ಆಗ ನಮ್ಮನ್ನು ಕಾಯುವುದು. ಕೊನೆಯ ಸುದ್ದಿಯ ಅನಂತರ ಕೆಲವು ನೂರು ಮಿಲಿಸೆಕೆಂಡು ಕಾದು ಓದಬೇಕು. ಓದುವಿಕೆ ಅಸಿಂಕ್ (ಉಳಿದ ಕೆಲಸವನ್ನು ತಡೆಯದೆ ನಡೆಯುವಂಥದು) ಆದ್ದರಿಂದ ಮೊದಲು ಶುರುವಾದದ್ದು ತಡವಾಗಿ ಮುಗಿದು ಹೊಸದರ ಮೇಲೆ ಹಳೆಯದನ್ನು ಹೇರಬಹುದು. ಹಾಗಾಗದಂತೆ ಒಂದು ಮುಗಿದ ಮೇಲೆಯೇ ಇನ್ನೊಂದನ್ನು ಆರಂಭಿಸಬೇಕು.

ಪರೀಕ್ಷೆಯಲ್ಲಿ ಗೆದ್ದ ಹೊಸ ಕಾನ್ಫಿಗನ್ನು ಹಳೆಯ ಆಬ್ಜೆಕ್ಟಿನೊಳಗೆ ಕೀಲಿ ಕೀಲಿಯಾಗಿ ತುಂಬಬಾರದು. ಹೊಸದನ್ನು ಪೂರ್ತಿಯಾಗಿ ಪಕ್ಕದಲ್ಲಿ ಕಟ್ಟಿ, ಒಳಗಿನ ಆಬ್ಜೆಕ್ಟುಗಳನ್ನೂ ಸೇರಿಸಿ ಫ್ರೀಜ್ ಮಾಡಿ (ಬದಲಿಸಲಾಗದಂತೆ ಮಾಡಿ), ವೇರಿಯಬಲ್ಲಿಗೆ ಒಂದೇ ಸಲ ಒಪ್ಪಿಸಬೇಕು. ಪ್ರತಿ ರಿಕ್ವೆಸ್ಟ್ ತನ್ನ ಆರಂಭದಲ್ಲಿ ಆ ವೇರಿಯಬಲ್ಲನ್ನು ಒಮ್ಮೆ ಓದಿ ಕೊನೆಯವರೆಗೂ ಅದನ್ನೇ ಬಳಸಿದರೆ, ನಡುವಿನ ಅವೇಟ್‌ಗಳಲ್ಲಿ (ಕಾಯುವ ಜಾಗಗಳಲ್ಲಿ) ಕಾನ್ಫಿಗ್ ಬದಲಾದರೂ ಅರ್ಧ ಹಳೆಯದು ಅರ್ಧ ಹೊಸದು ಎಂಬ ಸ್ಥಿತಿ ಬರುವುದಿಲ್ಲ. ಮಾಡ್ಯೂಲಿನ ತಲೆಯಲ್ಲೇ ಕಾನ್ಫಿಗನ್ನು ಬಿಡಿಸಿ ಟೈಮ್‌ಔಟನ್ನು ಕಾನ್ಸ್ಟ್ (ಬದಲಾಗದ ಬೆಲೆ) ಆಗಿ ಇಟ್ಟುಕೊಂಡವರಿಗೆ ಮಾತ್ರ ಹೊಸ ಬೆಲೆ ಎಂದಿಗೂ ಸಿಗದು. ನಾನು ನೋಡಿದ ಕೋಡ್‌ಗಳಲ್ಲಿ ಪದೇ ಪದೇ ಕಂಡ ತಪ್ಪು ಇದು.

ಎಲ್ಲವನ್ನೂ ಹೀಗೆ ಬದಲಿಸಲಾಗದು. ಸರ್ವರ್ ಕಿವಿಗೊಟ್ಟು ಕುಳಿತ ಪೋರ್ಟ್, ಡೇಟಾಬೇಸಿನ ವಿಳಾಸ ಇಂಥವು ಬದಲಾದರೆ ‘ಇದಕ್ಕೆ ಮರುಆರಂಭ ಬೇಕು’ ಎಂದು ಲಾಗ್‌ನಲ್ಲಿ ಹೇಳಿ, ಆ ಬದಲಾವಣೆಯನ್ನು ಬದಿಗಿಡುವುದು ಪ್ರಾಮಾಣಿಕವಾದ ದಾರಿ. ಜತೆಗೆ ಈಗ ಜಾರಿಯಲ್ಲಿರುವ ಕಾನ್ಫಿಗ್‌ನ ಹ್ಯಾಶ್ (ಅದರಿಂದ ಲೆಕ್ಕಹಾಕಿದ ಚಿಕ್ಕ ಗುರುತು) ಮತ್ತು ಅದು ಜಾರಿಗೆ ಬಂದ ಸಮಯವನ್ನು ಸರ್ವರ್ ಸರಿಯಿದೆಯೇ ಎಂದು ಕೇಳುವ ಹೆಲ್ತ್ ಚೆಕ್‌ನ ಉತ್ತರದಲ್ಲಿ ಸೇರಿಸಿ. ಹತ್ತು ಸರ್ವರ್‌ಗಳಲ್ಲಿ ಒಂದು ಮಾತ್ರ ಹಳೆಯದರಲ್ಲಿ ಉಳಿದಿದ್ದರೆ ಅದು ಅಲ್ಲಿಯೇ ಕಾಣುತ್ತದೆ. ನಾಳೆ ಕಚೇರಿಗೆ ಹೋದಾಗ ನಿಮ್ಮ ಪರೀಕ್ಷಾ ಸರ್ವರಿನ ಕಾನ್ಫಿಗ್ ಕಡತವನ್ನು ಸರ್ವರ್ ಓಡುತ್ತಿರುವಾಗಲೇ ಅರ್ಧಕ್ಕೆ ಕತ್ತರಿಸಿ ಉಳಿಸಿ ನೋಡಿ, ಬಳಿಕ ಸರಿಪಡಿಸಿ ಮತ್ತೆ ಉಳಿಸಿ. ಎರಡನೆಯ ಉಳಿಕೆಯೂ ಸರ್ವರನ್ನು ತಲುಪಿತೇ ಎಂಬುದನ್ನು ತಪ್ಪದೆ ಗಮನಿಸಿ.