ಎಚ್‌ಬಿಎ1ಸಿ: ಸಕ್ಕರೆಯ ಲೆಕ್ಕ, ಕೆಂಪು ಕಣದ ಆಯುಸ್ಸು

ಸಭಿಕರೇ,

ಲ್ಯಾಬಿನಲ್ಲಿ ಒಂದೇ ತೋಳಿನಿಂದ ತೆಗೆದ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿಗೆ ಒಂದಿಷ್ಟು, ನೇರಳೆ ಮುಚ್ಚಳದ ಟ್ಯೂಬಿಗೆ ಒಂದಿಷ್ಟು ಹಾಕುವುದನ್ನು ನೀವು ಗಮನಿಸಿರುತ್ತೀರಿ. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಗ್ಲೂಕೋಸನ್ನು ಬಳಸುತ್ತಲೇ ಇರುವುದರಿಂದ, ಸುಮ್ಮನೆ ಇಟ್ಟ ರಕ್ತದಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಇದನ್ನು ತಡೆಯಲೆಂದು ಬೂದು ಟ್ಯೂಬಿನಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಅದೂ ಮೊದಲ ಒಂದೆರಡು ಗಂಟೆ ಪೂರ್ತಿ ತಡೆಯಲಾರದು. ಮನೆಯಲ್ಲಿ ರಕ್ತ ತೆಗೆಸಿಕೊಳ್ಳುವವರು ಇದನ್ನು ನೆನಪಿಡಬೇಕು. ನೇರಳೆ ಟ್ಯೂಬಿನಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಇಡಿಟಿಎ. ಹಿಮೋಗ್ಲೋಬಿನ್ ಮತ್ತು ಅದರಲ್ಲಿ ಸಕ್ಕರೆ ಅಂಟಿದ ಪಾಲೆಷ್ಟು ಎಂದು ಹೇಳುವ ಎಚ್‌ಬಿಎ1ಸಿ ಎರಡನ್ನೂ ಅಳೆಯುವುದು ಈ ಟ್ಯೂಬಿನ ರಕ್ತದಲ್ಲೇ. ಆದರೂ ಅವೆರಡನ್ನು ಜೊತೆಗಿಟ್ಟು ಓದುವವರು ಕಡಿಮೆ ಎಂಬುದೇ ನನ್ನ ಇಂದಿನ ಮಾತಿಗೆ ಕಾರಣ.

ಸಕ್ಕರೆ ಕಾಯಿಲೆಯವರ ಕೆಂಪು ಕಣಗಳಲ್ಲಿ ಅಸಹಜ ಹಿಮೋಗ್ಲೋಬಿನ್ ಇರುವುದನ್ನು 1968ರಲ್ಲಿ ಟೆಹರಾನಿನ ಸ್ಯಾಮ್ಯುಯೆಲ್ ರಹಬರ್ ವರದಿ ಮಾಡಿದರು. ಅದು ಹುಟ್ಟುವುದು ಹೀಗೆ: ರಕ್ತದ ಗ್ಲೂಕೋಸ್ ಹಿಮೋಗ್ಲೋಬಿನ್ನಿಗೆ ನಿಧಾನವಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದು ಆ ಕಣ ಸಾಯುವವರೆಗೂ ಉಳಿಯುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನವಾದ್ದರಿಂದ, ಅಂಟಿದ ಪಾಲನ್ನು, ಅಂದರೆ ಎಚ್‌ಬಿಎ1ಸಿಯನ್ನು, ಅಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಯುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊನೆಯ ಒಂದು ತಿಂಗಳಿನದು. ತಪಾಸಣೆಗೆ ಮುನ್ನ ಮೂರು ದಿನ ಹೋಳಿಗೆ ಮುಟ್ಟದೆ ಬಂದವರ ಖಾಲಿ ಹೊಟ್ಟೆಯ ಸಕ್ಕರೆ ತುಸು ಇಳಿದೀತು, ಎಚ್‌ಬಿಎ1ಸಿ ಅಷ್ಟಕ್ಕೆ ಮಣಿಯದು. ಶೇ. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ, 5.7ರಿಂದ 6.4ರವರೆಗಿನದು ಅದರ ಹೊಸ್ತಿಲು. ಖಾಲಿ ಹೊಟ್ಟೆಯ ಸಕ್ಕರೆಯಲ್ಲಾದರೆ ಕಾಯಿಲೆಯ ಗಡಿ ಡೆಸಿಲೀಟರಿಗೆ 126 ಮಿಲಿಗ್ರಾಂ.

ಈ ಲೆಕ್ಕವೆಲ್ಲ ಕೆಂಪು ಕಣದ ಆಯುಸ್ಸನ್ನು ನಂಬಿ ನಿಂತಿದೆ, ತೊಡಕಿರುವುದೂ ಅಲ್ಲೇ. ಕಬ್ಬಿಣದ ಕೊರತೆಯಾದಾಗ ಹೊಸ ಕಣಗಳ ಹುಟ್ಟು ಕುಗ್ಗಿ ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚುವುದರಿಂದ, ಸಕ್ಕರೆ ಏರದಿದ್ದರೂ ಎಚ್‌ಬಿಎ1ಸಿ ಏರಿದಂತೆ ಕಾಣಬಹುದು. ಅಂಥವರು ಕಬ್ಬಿಣದ ಮಾತ್ರೆ ನುಂಗತೊಡಗಿದ ಮೇಲೆ ಅಂಕಿ ತಾನಾಗಿ ಇಳಿಯುತ್ತದೆ, ಕೀರ್ತಿ ಮಾತ್ರ ಮೆಂತ್ಯದ ನೀರಿಗೆ ಸಲ್ಲುತ್ತದೆ. ರಕ್ತಸ್ರಾವವಾದಾಗ, ಕಣಗಳು ಬೇಗ ಒಡೆಯುವಾಗ ಇದಕ್ಕೆ ತದ್ವಿರುದ್ಧ: ಎಳೆಯ ಕಣಗಳಿಗೆ ಸಕ್ಕರೆ ಅಂಟಲು ಸಮಯವೇ ಸಿಗದೆ ನಿಜವಾದ ಕಾಯಿಲೆ ಮರೆಯಾಗಿಬಿಡುತ್ತದೆ. ಮೈಸೂರು, ಚಾಮರಾಜನಗರದ ಕಾಡಂಚಿನ ಕೆಲವು ಬುಡಕಟ್ಟುಗಳಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಯಲ್ಲಿ ಕಣದ ಆಯುಸ್ಸು ಬಹಳ ಕಡಿಮೆ; ಅವರಿಗೆ ಈ ಪರೀಕ್ಷೆಯನ್ನು ನೆಚ್ಚುವುದು ತಪ್ಪೆಂದೇ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಪುರುಷರಲ್ಲಿ 13, ಗರ್ಭಿಣಿಯರಲ್ಲದ ಮಹಿಳೆಯರಲ್ಲಿ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ರಿಪೋರ್ಟಿನಲ್ಲಿ ಅದು ಕಂಡಾಗ ಎಚ್‌ಬಿಎ1ಸಿ ಒಂದನ್ನೇ ನೋಡಿ ಮಾತ್ರೆ ಏರಿಸುವ ಬದಲು, ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯನ್ನು ಅಳೆಯಬೇಕು. ಕೆಂಪು ಕಣದ ಗೊಡವೆಯಿಲ್ಲದೆ ರಕ್ತದ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯಿಂದ ಎರಡು ಮೂರು ವಾರಗಳ ಸರಾಸರಿ ಹೇಳುವ ಫ್ರಕ್ಟೋಸಮೈನ್ ಪರೀಕ್ಷೆಯೂ ಇದೆ. ಗರ್ಭಿಣಿಯರ ವಿಷಯದಲ್ಲಂತೂ ನಮ್ಮ ಸರ್ಕಾರಿ ಮಾರ್ಗಸೂಚಿ ಎಚ್‌ಬಿಎ1ಸಿಯನ್ನು ಅವಲಂಬಿಸಿಲ್ಲ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆಯ ಬಳಿಕ ರಕ್ತದ ಸಕ್ಕರೆ 140 ಮುಟ್ಟಿದೆಯೇ ಎಂದು ನೋಡಲಾಗುತ್ತದೆ.