ದೇಣಿಗೆಯ ಹಣ, ಸಂಸ್ಥೆಯ ಬಾಳಿಕೆ

ಕೇಳುಗರಿಗೆ ನಮಸ್ಕಾರ. ನಮ್ಮ ಸ್ವಯಂಸೇವಾ ಸಂಸ್ಥೆಗಳು ಪ್ರತಿ ವರ್ಷವೂ ದೇಣಿಗೆಗಾಗಿ ಏಕೆ ಇಷ್ಟು ಪರದಾಡುತ್ತವೆ ಎಂಬುದು ಇಂದಿನ ವಿಷಯ. ಜನರಲ್ಲಿ ಕೊಡುವ ಮನಸ್ಸು ಬತ್ತಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬರುವ ಹಣಕ್ಕೆ ಯಾವ ಕಟ್ಟುಪಾಡು ಅಂಟಿಕೊಂಡಿದೆ ಎಂಬುದರ ಮೇಲೆಯೇ ಸಂಸ್ಥೆಯ ಬಾಳಿಕೆ ಬಹುಪಾಲು ನಿಂತಿದೆ.

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯು ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲಿನ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೂ ನಿಷೇಧಿಸಿತು. ನಗರದ ದೊಡ್ಡ ಸಂಸ್ಥೆಗಳ ಮೂಲಕ ತಾಲ್ಲೂಕಿನ ಸಣ್ಣ ಸಂಸ್ಥೆಗಳಿಗೆ ತಲುಪುತ್ತಿದ್ದ ನೆರವಿನ ದಾರಿ ಹೀಗೆ ಮುಚ್ಚಿತು.

ಇನ್ನೊಂದು ದಾರಿ ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ಆದರೆ ತಾವು ನೆಲೆಸಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಅದೇ ಕಾಯ್ದೆ ಹೇಳುವುದರಿಂದ, ಬೆಂಗಳೂರಿನ ಸಂಸ್ಥೆಗೆ ಇರುವ ಅನುಕೂಲ ಯಾದಗಿರಿಯ ಸಂಸ್ಥೆಗೆ ಇರುವುದಿಲ್ಲ.

ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ಕಟ್ಟಡಕ್ಕೆ, ಪುಸ್ತಕಕ್ಕೆ, ಕಂಪ್ಯೂಟರಿಗೆ ಸಂತೋಷದಿಂದ ಕೊಡುವ ದಾನಿಗಳು ಕಾರ್ಯಕರ್ತರ ಸಂಬಳವೆಂದ ಕೂಡಲೇ ಹಿಂಜರಿಯುವುದು. ಹಳ್ಳಿಯ ಮನೆಮನೆಗೆ ಹೋಗಿ, ಶಾಲೆ ಬಿಟ್ಟ ಮಗುವನ್ನು ಮತ್ತೆ ಕರೆತರುವ ಕಾರ್ಯಕರ್ತೆಯ ದುಡಿಮೆಯೇ ಆ ಸಂಸ್ಥೆಯ ಕೆಲಸ. ಅದನ್ನು ಮೇಲ್ಖರ್ಚು ಎಂದು ಕರೆಯುವುದು ಅನ್ಯಾಯ. ಮಾರ್ಚ್ ಕೊನೆಗೆ ಯೋಜನೆ ಮುಗಿದು ಆಕೆ ಬೇರೆ ಕೆಲಸ ಹುಡುಕಿಕೊಂಡರೆ, ಊರಿನವರು ಆಕೆಯ ಮೇಲಿಟ್ಟಿದ್ದ ನಂಬಿಕೆಯನ್ನು ಮುಂದಿನ ವರ್ಷದ ಅನುದಾನ ಮರಳಿ ತರಲಾರದು.

ಹಣದ ಮೂಲಗಳು ಹಲವಾಗಿರುವುದು ಎಷ್ಟು ಮುಖ್ಯವೆಂಬುದಕ್ಕೆ ಅಕ್ಷಯ ಪಾತ್ರೆ ಒಂದು ಉದಾಹರಣೆ. 2000ದಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರೊಂದಿಗೆ ಆರಂಭವಾದ ಅದರ ಕೆಲಸ ಬೆಳೆದದ್ದು ಸರ್ಕಾರದ ಧಾನ್ಯ ಮತ್ತು ಅನುದಾನ, ಕಂಪನಿಗಳ ನೆರವು, ಸಾಮಾನ್ಯ ಜನರ ದೇಣಿಗೆ ಒಟ್ಟುಗೂಡಿದ್ದರಿಂದ. ಸಣ್ಣ ಸಂಸ್ಥೆಗಳಿಗೆ ಅಷ್ಟು ವಿಸ್ತಾರ ಸಾಧ್ಯವಾಗದು, ನಿಜ. ಆದರೆ ತಿಂಗಳಿಗೆ ನೂರಿನ್ನೂರು ರೂಪಾಯಿ ತಪ್ಪದೆ ಕೊಡುವ ಊರಿನವರನ್ನು ಅವೂ ಸಂಪಾದಿಸಿಕೊಳ್ಳಬಹುದು. ಅಂಥ ಹಣಕ್ಕೆ ಷರತ್ತು ಕಡಿಮೆ, ಸಂಬಳಕ್ಕೂ ಬಾಡಿಗೆಗೂ ಒದಗುತ್ತದೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಇಂಥ ದೇಣಿಗೆಯ ಮೇಲೆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ, ಅವರು ಕೊಡುವುದು ಸಂಸ್ಥೆಯ ಮೇಲಿನ ವಿಶ್ವಾಸದಿಂದಲೇ. ಪ್ರತಿ ದೇಣಿಗೆಗೂ ರಸೀದಿ ಕೊಟ್ಟು, ಪರಿಶೋಧಿತ ಲೆಕ್ಕಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ವರ್ಷಕ್ಕೊಮ್ಮೆ ಅದೇ ಊರಿನ ಸಭೆಯಲ್ಲಿ ಓದಿ ಹೇಳುವ ರೂಢಿಯನ್ನು ಈ ಆರ್ಥಿಕ ವರ್ಷದಿಂದಲೇ ಆರಂಭಿಸಬೇಕೆಂದು ಸಂಸ್ಥೆ ನಡೆಸುವವರನ್ನು ಕೇಳಿಕೊಳ್ಳುತ್ತೇನೆ. ನಮಸ್ಕಾರ.