ಮರಿನಾಯಿಯ ಆಪರೇಷನ್ ಎಷ್ಟನೇ ತಿಂಗಳಿಗೆ, ಭಾನುವಾರದ ಮೂಳೆ ಯಾರ ಪಾಲಿಗೆ?

[ದೃಶ್ಯ: ತುಮಕೂರಿನ ಒಂದು ಮನೆಯಂಗಳ. ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿ. ಪಕ್ಕದ ಸ್ಟೀಲ್ ತಟ್ಟೆಯಲ್ಲಿ ಸಾರಿನಿಂದ ತೆಗೆದಿಟ್ಟ ಕೋಳಿಮೂಳೆ.]

ನಮಸ್ಕಾರ. ಮರಿ ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು: ಸಂತಾನಹರಣದ ಆಪರೇಷನ್ ಯಾವಾಗ ಮಾಡಿಸಬೇಕು, ಮತ್ತು ಊಟದಲ್ಲಿ ಉಳಿದ ಮೂಳೆಯನ್ನು ಹಾಕಬಹುದೇ. ಒಂದಕ್ಕೊಂದು ಸಂಬಂಧವಿಲ್ಲವೆಂದು ತೋರುವ ಈ ಎರಡೂ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದುದು ಮರಿಯ ಕಾಲಿನ ಮೂಳೆಯಲ್ಲಿಯೇ.

[ಎಕ್ಸ್‌ರೇ ಚಿತ್ರ: ಮರಿಯ ಮೊಣಕಾಲು.]

ಕೀಲಿನ ಹತ್ತಿರ ಕಾಣುವ ಈ ಕಪ್ಪು ಗೆರೆ ಬಿರುಕಲ್ಲ. ಅದು ಮೃದ್ವಸ್ಥಿಯ ತೆಳುವಾದ ಪದರ. ಮೂಳೆ ಉದ್ದಕ್ಕೆ ಬೆಳೆಯುವುದು ಅಲ್ಲಿಂದಲೇ. ಮರಿ ಪ್ರಾಯಕ್ಕೆ ಬಂದಾಗ ಅದರ ಲೈಂಗಿಕ ಹಾರ್ಮೋನುಗಳು ಈ ಪದರವನ್ನು ಗಟ್ಟಿ ಮೂಳೆಯಾಗಿಸುತ್ತವೆ, ಬೆಳವಣಿಗೆ ನಿಲ್ಲುತ್ತದೆ. ವೃಷಣವನ್ನಾಗಲಿ ಅಂಡಾಶಯವನ್ನಾಗಲಿ ಅದಕ್ಕೆ ಮೊದಲೇ ತೆಗೆದರೆ ಪದರ ಮುಚ್ಚುವುದು ತಡವಾಗಿ, ಕಾಲು ಕೊಂಚ ಹೆಚ್ಚು ಉದ್ದವಾಗುತ್ತದೆ. ಸೊಂಟ ಮತ್ತು ಮೊಣಕಾಲಿನ ಕೀಲುಗಳು ಭಾರ ಹೊರುವ ರೀತಿಯೇ ಬದಲಾಗುತ್ತದೆ.

ಸಿದ್ಧಗಂಗೆಯ ದನಗಳ ಜಾತ್ರೆಗೆ ಹಳ್ಳಿಕಾರ್ ಜೋಡಿ ಹೊಡೆದುಕೊಂಡು ಬರುವ ರೈತರಿಗೆ ಇದು ಹೊಸ ವಿಷಯವೇನಲ್ಲ. ಹೋರಿಗೆ ಕುತ್ತಿಗೆ, ಇಣಿ ಬಲಿಯುವ ತನಕ ಅವರು ಬೀಜ ಒಡೆಸಲು ಅವಸರ ಮಾಡುವುದಿಲ್ಲ. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ಆ ತಾಳ್ಮೆ ನಮಗೆ ನೆನಪಾಗುವುದಿಲ್ಲ.

ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2020ರಲ್ಲಿ 35 ತಳಿಗಳ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಗ ಆಪರೇಷನ್ ಮಾಡಿಸಿದುದರಿಂದ ಕೀಲುರೋಗ ಹೆಚ್ಚಿದ್ದು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ನಂತಹ ದೊಡ್ಡ ತಳಿಗಳಲ್ಲಿ. ಸಣ್ಣ ತಳಿಗಳಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ, ಬೆಳೆದ ಮೇಲೆ 20 ಕಿಲೋ ದಾಟದ ಗಂಡು ಮರಿಗೆ ಆರನೇ ತಿಂಗಳಲ್ಲಿ ಮಾಡಿಸಬಹುದು. ಅದಕ್ಕಿಂತ ದೊಡ್ಡದಾಗುವ ಗಂಡಿಗೆ 9ರಿಂದ 15 ತಿಂಗಳವರೆಗೆ ಕಾಯುವುದು ಲೇಸು.

ಹೆಣ್ಣು ಮರಿಯ ಲೆಕ್ಕ ಇಷ್ಟು ಸರಳವಲ್ಲ. ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳೊಳಗೆ ಅದು ಮೊದಲ ಸಲ ಬೆದೆಗೆ ಬರುತ್ತದೆ. ಬೆದೆಗೆ ಮೊದಲೇ ಆಪರೇಷನ್ ಆದರೆ ಕೆಚ್ಚಲಿನ ಗೆಡ್ಡೆ ಬರುವ ಸಾಧ್ಯತೆ ಕಡಿಮೆಯೆಂಬುದು ಬಹುಕಾಲದ ನಂಬಿಕೆ, ಅದರ ಪುರಾವೆ ಎಷ್ಟು ಗಟ್ಟಿಯೆಂಬ ಬಗ್ಗೆ ಈಗ ಚರ್ಚೆ ಇದ್ದರೂ. ಆಪರೇಷನ್ ಮಾಡಿಸದ ಹೆಣ್ಣುನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಂತಿಕ ರೋಗದ ಭಯವಂತೂ ಇದ್ದೇ ಇದೆ. ಸಣ್ಣ ತಳಿಯ ಹೆಣ್ಣಿಗೆ ಐದಾರು ತಿಂಗಳಲ್ಲಿ, ಬೆದೆಗೆ ಮೊದಲು ಮಾಡಿಸಿಬಿಡಬಹುದು. ದೊಡ್ಡ ತಳಿಯಾದರೆ ಕೀಲು ಮತ್ತು ಕೆಚ್ಚಲು ಎರಡನ್ನೂ ತೂಗಿ ನೋಡಿ ವೈದ್ಯರೊಂದಿಗೆ ನಿರ್ಧರಿಸಬೇಕು. ಬೆದೆ ಬಂದುಹೋಗಿದ್ದರೆ ಎರಡು ಮೂರು ತಿಂಗಳು ಬಿಡುವುದು ವಾಡಿಕೆ, ಏಕೆಂದರೆ ಬೆದೆಯ ಕಾಲದಲ್ಲಿ ಆ ಭಾಗದ ರಕ್ತನಾಳಗಳು ಉಬ್ಬಿರುತ್ತವೆ. ಮುಧೋಳ ನಾಯಿಯಾದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಬೇಟೆನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳು ಇಳಿಯುವುದು ನಿಧಾನ. ಬೀದಿನಾಯಿಗೆ ಈ ತಿಂಗಳ ಎಣಿಕೆ ಅನ್ವಯಿಸದು. ಇಂದು ಕೈಗೆ ಸಿಕ್ಕಿದ್ದು ನಾಳೆ ಸಿಗುವ ಭರವಸೆಯಿಲ್ಲ.

[ದೃಶ್ಯ: ತಟ್ಟೆ ಮೇಜಿನ ಮೇಲೆ. ಕ್ಯಾಮೆರಾ ಹತ್ತಿರಕ್ಕೆ.]

ಇನ್ನು ತಟ್ಟೆಯಲ್ಲಿರುವ ಮೂಳೆ. ಕೋಳಿಯ ಈ ಕಾಲುಮೂಳೆ ಕುಕ್ಕರಿನಲ್ಲಿ ನಾಲ್ಕು ಕೂಗು ಬೆಂದಿದೆ. ಬೆಂದಿದ್ದು ಮೆತ್ತಗಾಗಿರುತ್ತದೆಂದು ನಾವು ತಿಳಿಯುತ್ತೇವೆ. ಮುರಿದು ನೋಡೋಣ.

[ಮೂಳೆ ಮುರಿಯುವ ಸದ್ದು.]

ತುದಿ ಸೂಜಿಯಂತೆ ಸೀಳಿದೆ, ಬಾಳೆಯೆಲೆಯ ಮೇಲೆ ಒತ್ತಿದ ಕೂಡಲೇ ತೂತು ಬಿತ್ತು. ಮೂಳೆಗೆ ಬಾಗುವ ಗುಣ ಕೊಡುವ ಕೊಲಾಜೆನ್ ಬೇಯಿಸಿದಾಗ ಕರಗಿ ಸಾರಿಗೆ ಸೇರುತ್ತದೆ, ಉಳಿಯುವುದು ಪೆಡಸಾದ ಸುಣ್ಣ. ಈ ಚೂರು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು, ಕರುಳನ್ನು ಚುಚ್ಚಬಹುದು. ಮಟನ್‌ನ ನಲ್ಲಿ ಮೂಳೆ ಸೀಳದಿದ್ದರೂ ಹಲ್ಲು ಮುರಿಯುತ್ತದೆ. ಮರಿಯ 28 ಹಾಲುಹಲ್ಲುಗಳು ಉದುರಿ 42 ಕಾಯಂ ಹಲ್ಲುಗಳು ಬರುವುದು ಸುಮಾರು ಏಳನೇ ತಿಂಗಳ ಹೊತ್ತಿಗೆ. ಹೊಸ ಹಲ್ಲನ್ನು ಗಟ್ಟಿ ಮೂಳೆಯ ಮೇಲೆ ಪರೀಕ್ಷಿಸುವುದು ಬೇಡ. ಅಗಿಯಲು ಏನು ಕೊಟ್ಟರೂ ಅದು ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆದುವಾಗಿರಲಿ. ಹಸಿ ಮೂಳೆ ಸೀಳುವುದು ಕಡಿಮೆಯೆಂಬುದು ನಿಜ, ಆದರೆ ಸಾಲ್ಮೊನೆಲ್ಲಾ ರೋಗಾಣು ಅದರ ಜೊತೆ ಮನೆಯೊಳಗೂ ಬರುತ್ತದೆ. ಮಕ್ಕಳಿರುವ ಮನೆಗೆ ನಾನದನ್ನು ಶಿಫಾರಸು ಮಾಡುವುದಿಲ್ಲ.

ಮೂಳೆ ತಿಂದರೆ ಮೂಳೆ ಗಟ್ಟಿಯಾಗುತ್ತದೆಂಬ ಮಾತು ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಆದರೆ ಆರು ತಿಂಗಳೊಳಗಿನ ಮರಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಬೇಡವೆನ್ನುವ ಶಕ್ತಿ ಕರುಳಿಗೆ ಇನ್ನೂ ಬಂದಿರುವುದಿಲ್ಲ. ಪ್ಯಾಕೆಟ್ಟಿನ ಮರಿಯಾಹಾರದ ಮೇಲೆ ಮೂಳೆಪುಡಿ ಅಥವಾ ಟಾನಿಕ್ ಸುರಿದರೆ ದೊಡ್ಡ ತಳಿಯ ಕಾಲು ಸೊಟ್ಟಗಾಗುವುದೂ ಉಂಟು. ಬರೀ ಅನ್ನ, ಮಾಂಸ ತಿನ್ನುವ ಮರಿಗೆ ಇದರ ತದ್ವಿರುದ್ಧವಾದ ಕೊರತೆ. ಮೂಳೆಯ ಸಾರವೇ ಬೇಕಿದ್ದರೆ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಖಾರ ಹಾಕುವ ಮುನ್ನವೇ ಒಂದು ಲೋಟ ತೆಗೆದಿರಿಸಿ, ಮೇಲಿನ ಕೊಬ್ಬು ತೆಗೆದು, ರಾಗಿ ಮುದ್ದೆಯ ಚೂರಿಗೆ ಕಲಸಿ ಕೊಡಿ. ಮೂಳೆಯನ್ನು ಮುಚ್ಚಳವಿರುವ ಬುಟ್ಟಿಗೆ ಹಾಕಿ. ಕಸದ ಗಾಡಿ ಬರುವವರೆಗೆ ಗೇಟಿನ ಬಳಿ ನೇತುಹಾಕಿದ ಕವರು ಮರಿಗೆ ಎಟುಕದ ಎತ್ತರದಲ್ಲೇನೂ ಇರುವುದಿಲ್ಲ.

ಅಷ್ಟಾಗಿಯೂ ನುಂಗಿಬಿಟ್ಟಿದ್ದರೆ ವಾಂತಿ ಮಾಡಿಸಬೇಡಿ, ಚೂಪಾದ ಚೂರು ಮೇಲಕ್ಕೆ ಬರುವಾಗ ಮತ್ತೊಮ್ಮೆ ಗೀರುತ್ತದೆ. ಜೊಲ್ಲು ಸುರಿಸುವುದು, ಬಾಯಿಯನ್ನು ಪಂಜದಿಂದ ಕೆರೆಯುವುದು, ಓಕರಿಕೆ, ಹೊಟ್ಟೆನೋವಿನಿಂದ ಬೆನ್ನು ಬಾಗಿಸಿ ನಿಲ್ಲುವುದು, ಮಲದಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಿ. ತಟ್ಟೆಯಲ್ಲಿ ಉಳಿದ ಮೂಳೆಯ ಚೂರೊಂದನ್ನು ಕವರಿನಲ್ಲಿ ಹಾಕಿಕೊಂಡು ಹೋದರೆ, ಹುಡುಕಬೇಕಾದುದು ಎಷ್ಟು ದೊಡ್ಡದು, ಎಂತಹುದು ಎಂಬುದು ವೈದ್ಯರಿಗೆ ಕೂಡಲೇ ತಿಳಿಯುತ್ತದೆ.

[ದೃಶ್ಯ: ಖಾಲಿ ತಟ್ಟೆ. ಮರಿ ಮುದ್ದೆ ತಿನ್ನುತ್ತಿದೆ.]